ಔಷಧಿ ಕುಡಿಸಿದ ಮೇಲೂ ಕುರಿಗಳು ರಕ್ತ ಬತ್ತಿ ಸಾಯುವುದೇಕೆ?

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕು. 60 ಕುರಿಗಳ ಮಂದೆ ಇದೆ. ಮುಂಗಾರಿಗೆ ಮುಂಚೆ, ಶ್ರಾವಣದಲ್ಲಿ, ದೀಪಾವಳಿಗೆ ಹೀಗೆ ವರ್ಷಕ್ಕೆ ಮೂರು ಸಲ ಒಂದನ್ನೂ ಬಿಡದೆ ಎಲ್ಲದಕ್ಕೂ ಜಂತುಹುಳುವಿನ ಔಷಧಿ ಕುಡಿಸುತ್ತೇನೆ. ಆರು ವರ್ಷ ಆಲ್ಬೆಂಡಜೋಲ್ ಕೊಟ್ಟೆ. ಅದು ಹಿಡಿಯುತ್ತಿಲ್ಲ ಅನ್ನಿಸಿ ಹೋದ ವರ್ಷದಿಂದ ಬೇರೆ ಕಂಪನಿಯ ಫೆನ್‌ಬೆಂಡಜೋಲ್ ತರುತ್ತಿದ್ದೇನೆ. ಈ ಸಲ ಮಳೆ ಚೆನ್ನಾಗಿ ಆಯಿತು, ಕೆರೆಯಲ್ಲೂ ನೀರಿದೆ. ದೀಪಾವಳಿಗೆ ಔಷಧಿ ಹಾಕಿದ ಮೇಲೂ ಎರಡು ವಾರದಲ್ಲಿ 6 ಕುರಿ ಸತ್ತವು. ಗದ್ದದ ಕೆಳಗೆ ನೀರಿನ ಚೀಲದಂತೆ ಊದಿಕೊಂಡಿತ್ತು. ಬೇಧಿ ಇರಲಿಲ್ಲ, ಮೇವೂ ಬಿಟ್ಟಿರಲಿಲ್ಲ. ಇದಲ್ಲದೆ ಒಂದು ಮರಿ ತಲೆ ಓರೆ ಮಾಡಿಕೊಂಡು ಒಂದೇ ಕಡೆಗೆ ಸುತ್ತುತ್ತಿದೆ. ಇನ್ನು ಮುಂದೆ ತಿಂಗಳಿಗೊಮ್ಮೆ ಔಷಧಿ ಕುಡಿಸಬೇಕೇ?

ಉತ್ತರ: ತಿಂಗಳಿಗೊಮ್ಮೆ ಕುಡಿಸಬೇಡಿ. ನಿಮ್ಮ ಪ್ರಶ್ನೆಯ ಕೊನೆಯ ಸಾಲಿಗೆ ಮೊದಲು ಉತ್ತರ ಹೇಳುತ್ತಿರುವುದಕ್ಕೆ ಕಾರಣವಿದೆ. ಕುರಿ ಸಾಯತೊಡಗಿದಾಗ ಎಲ್ಲರಿಗೂ ಮೊದಲು ತೋಚುವುದು ಇದೇ ದಾರಿ, ಮತ್ತು ಈಗ ನೀವು ಎದುರಿಸುತ್ತಿರುವ ಸ್ಥಿತಿಯನ್ನು ಇನ್ನಷ್ಟು ಕೆಡಿಸುವುದೂ ಇದೇ.

ನೀವು ಬರೆದ ಲಕ್ಷಣಗಳು, ಅಂದರೆ ಹಿಂಗಾರಿನ ಕಾಲ, ಗದ್ದದಡಿಯ ಚೀಲ, ಬೇಧಿಯಿಲ್ಲದಿರುವುದು, ಕೊನೆಯವರೆಗೂ ಮೇಯುತ್ತಿದ್ದ ಕುರಿ ಇದ್ದಕ್ಕಿದ್ದಂತೆ ಬೀಳುವುದು, ಇವೆಲ್ಲ ಒಟ್ಟಾಗಿ ಹೀಮಾಂಕಸ್ ಕಂಟಾರ್ಟಸ್ ಎಂಬ ರಕ್ತ ಹೀರುವ ದುಂಡುಹುಳುವಿನ ಕಡೆಗೆ ಬೆರಳು ಮಾಡುತ್ತವೆ. ಇದು ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ, ಅಂದರೆ ಮೇವು ಕರುಳಿಗೆ ಇಳಿಯುವ ಮುನ್ನ ಹುಳಿರಸದೊಂದಿಗೆ ಬೆರೆಯುವ ಭಾಗದಲ್ಲಿ ವಾಸಿಸುತ್ತದೆ. ಹೆಣ್ಣು ಹುಳುವಿನ ಉದ್ದ ಎರಡರಿಂದ ಮೂರು ಸೆಂಟಿಮೀಟರ್. ರಕ್ತ ತುಂಬಿದ ಅದರ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಸುತ್ತಿಕೊಂಡಿರುವುದರಿಂದ ಕೆಂಪು ಬಿಳಿ ನೂಲನ್ನು ಸೇರಿಸಿ ಹೊಸೆದಂತೆ ಕಾಣುತ್ತದೆ.

ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ಲೀಟರ್ ರಕ್ತ ಹೀರುತ್ತದೆ. ಕೇಳಲು ಇದು ಏನೂ ಅಲ್ಲ. ಆದರೆ 30 ಕಿಲೋ ತೂಕದ ಕುರಿಯ ಮೈಯಲ್ಲಿರುವ ಒಟ್ಟು ರಕ್ತ ಎರಡು ಲೀಟರಿನ ಆಸುಪಾಸು, ಮತ್ತು ಮಳೆಗಾಲದ ಕೊನೆಯಲ್ಲಿ ಒಂದು ಕುರಿಯಲ್ಲಿ 2000 ಹುಳುಗಳಿರುವುದು ಅಪರೂಪವಲ್ಲ. ಹಾಗಾದರೆ ದಿನಕ್ಕೆ 100 ಮಿಲಿ ಲೀಟರ್ ಹೋಯಿತು, ಅಂದರೆ ಇಡೀ ಮೈಯ ರಕ್ತದಲ್ಲಿ ಇಪ್ಪತ್ತರಲ್ಲೊಂದು ಪಾಲು. ಎಲುಬಿನ ಮಜ್ಜೆ ಕೆಲವು ವಾರ ಹೊಸ ರಕ್ತ ಮಾಡಿ ಮಾಡಿ ಸರಿದೂಗಿಸುತ್ತದೆ. ಆ ವಾರಗಳಲ್ಲಿ ಕುರಿ ಮೇಯುತ್ತದೆ, ಮಂದೆಯೊಡನೆ ನಡೆಯುತ್ತದೆ, ಕುರಿಗಾಹಿಯ ಕಣ್ಣಿಗೆ ಏನೂ ಬೀಳುವುದಿಲ್ಲ. ಕಬ್ಬಿಣಾಂಶದ ದಾಸ್ತಾನು ಮುಗಿದ ದಿನ ಅದು ಹಳ್ಳ ದಾಟುವಾಗಲೋ ನಾಯಿ ಅಟ್ಟಿಸಿಕೊಂಡು ಬಂದಾಗಲೋ ಕುಸಿದು ಬೀಳುತ್ತದೆ. ನಿನ್ನೆಯವರೆಗೂ ಚೆನ್ನಾಗಿತ್ತು ಎಂದು ಹೇಳಿಕೊಂಡು ಬರುವವರು ಸುಳ್ಳು ಹೇಳುತ್ತಿರುವುದಿಲ್ಲ.

ಗದ್ದದಡಿಯ ಚೀಲವೂ ಈ ನಷ್ಟದ ಇನ್ನೊಂದು ಮುಖ. ರಕ್ತದೊಂದಿಗೆ ಅದರಲ್ಲಿನ ಪ್ರೋಟೀನು ಕೂಡ ಹೋಗುತ್ತದೆ, ನೀರನ್ನು ರಕ್ತನಾಳದೊಳಗೆ ಹಿಡಿದಿಡುವುದು ಆ ಪ್ರೋಟೀನೇ ಆದ್ದರಿಂದ ಅದು ತೆಳುವಾದಾಗ ನೀರು ಹೊರಗೆ ಜಿನುಗಿ ಮೈಯ ತಗ್ಗಿನ ಜಾಗದಲ್ಲಿ ನಿಲ್ಲುತ್ತದೆ. ದಿನವಿಡೀ ತಲೆ ತಗ್ಗಿಸಿ ಮೇಯುವ ಕುರಿಗೆ ಆ ತಗ್ಗು ದವಡೆಯ ಕೆಳಭಾಗ. ಸಂಜೆ ರೊಪ್ಪಕ್ಕೆ ಬರುವಾಗ ದೊಡ್ಡದಾಗಿದ್ದ ಚೀಲ ಬೆಳಿಗ್ಗೆ ಸಣ್ಣದಾಗಿರುವುದನ್ನು ನೀವೂ ಕಂಡಿರಬಹುದು. ರಾತ್ರಿ ತಲೆ ಎತ್ತಿ ಮಲಗಿದ್ದರಿಂದ ನೀರು ಹರಡಿಕೊಂಡಿರುತ್ತದೆ, ರೋಗ ಇಳಿದಿರುವುದಿಲ್ಲ. ಆ ಚೀಲವನ್ನು ಸೂಜಿಯಿಂದ ಚುಚ್ಚಿ ನೀರು ತೆಗೆಸುವವರಿದ್ದಾರೆ. ಅದರಿಂದ ಕೀವು ಬರುತ್ತದೆಯೇ ಹೊರತು ಬೇರೇನೂ ಆಗದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮೊದಲನೆಯದು ನೀಲಿ ನಾಲಿಗೆ ರೋಗ. ಅದೂ ಮಳೆಗಾಲದ ಕೊನೆಯಲ್ಲೇ ಬರುತ್ತದೆ, ಅದರಲ್ಲೂ ಮುಖ ಊದುತ್ತದೆ. ಆದರೆ ಅದರಲ್ಲಿ ಜೋರು ಜ್ವರ, ಮೂಗಿನಲ್ಲಿ ಸುರಿತ, ಬಾಯೊಳಗೆ ಹುಣ್ಣು, ಗೊರಸಿನ ಮೇಲಂಚು ಕೆಂಪಾಗಿ ಕುಂಟುವುದು ಇರುತ್ತದೆ, ಕುರಿ ಮೇವು ಬಿಡುತ್ತದೆ. ನಿಮ್ಮ ಕುರಿಗಳು ಮೇಯುತ್ತಿದ್ದವು. ಎರಡನೆಯದು ಯಕೃತ್ತಿನ ಚಪ್ಪಟೆಹುಳು, ಜನ ಲಿವರ್ ಫ್ಲೂಕ್ ಎನ್ನುವುದು ಇದನ್ನೇ. ಕೆರೆಯಲ್ಲಿ ನೀರಿದೆ ಎಂದು ಬರೆದಿದ್ದೀರಿ, ಕುರಿಗಳನ್ನು ಕೆರೆಯಂಚಿನಲ್ಲಿ ಮೇಯಿಸಿದ್ದರೆ ಇದನ್ನು ತಳ್ಳಿಹಾಕುವಂತಿಲ್ಲ. ನಮ್ಮ ಬಯಲುಸೀಮೆಯಲ್ಲಿ ಕಾಣುವುದು ಫ್ಯಾಸಿಯೋಲಾ ಜೈಗ್ಯಾಂಟಿಕಾ ಎಂಬ ಜಾತಿ. ಇದರ ಮರಿಗಳು ನೀರಿನ ಬಸವನಹುಳುವಿನ ಹೊಟ್ಟೆಯಲ್ಲಿ ಬೆಳೆದು ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿಕೊಂಡು ಗಟ್ಟಿ ಚಿಪ್ಪು ಕಟ್ಟಿಕೊಂಡು ಕಾಯುತ್ತವೆ, ಕೆರೆ ಇಳಿಯುತ್ತ ಹೋದಂತೆ ಹಸಿರಾಗಿ ತೋರುವ ಆ ಅಂಚಿನ ಹುಲ್ಲೇ ಕುರಿಗೆ ಇಷ್ಟ. ಇದರಲ್ಲೂ ರಕ್ತ ಬತ್ತುತ್ತದೆ, ಇದರಲ್ಲೂ ಗದ್ದದಡಿ ನೀರು ತುಂಬುತ್ತದೆ.

ರಕ್ತ ಹೀರುವ ದುಂಡುಹುಳುವೋ ಚಪ್ಪಟೆಹುಳುವೋ ಎಂದು ತಿಳಿಯುವ ನೇರ ದಾರಿ, ಇನ್ನೊಂದು ಕುರಿ ಸತ್ತರೆ ಅದನ್ನು ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸುವುದು. ತಡಮಾಡದೆ, ಸತ್ತ ಒಂದೆರಡು ಗಂಟೆಯೊಳಗೆ ನಾಲ್ಕನೆಯ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ನೋಡಿದರೆ ಕಾಫಿ ಬಣ್ಣದ ದ್ರವದ ನಡುವೆ, ಒಳಪದರದ ಮಡಿಕೆಗಳ ಮೇಲೆ, ಕೂದಲಿಗಿಂತ ತುಸು ದಪ್ಪನೆಯ ಆ ಹೊಸೆದ ನೂಲುಗಳು ಇನ್ನೂ ಮಿಸುಕಾಡುತ್ತಿರುವುದು ಬರಿಗಣ್ಣಿಗೆ ಕಾಣುತ್ತದೆ, ಮಡಿಕೆಗಳ ಮೇಲೆ ಸೂಜಿ ಚುಚ್ಚಿದಂತಹ ಕೆಂಪು ಚುಕ್ಕೆಗಳಿರುತ್ತವೆ. ಚಪ್ಪಟೆಹುಳುವಾದರೆ ಯಕೃತ್ತು ಗಡುಸಾಗಿ ಪಿತ್ತನಾಳ ದಪ್ಪಗಾಗಿರುತ್ತದೆ, ನಾಳವನ್ನು ಕೊಯ್ದು ಹಿಸುಕಿದರೆ ಎಲೆಯಾಕಾರದ ಕಂದು ಹುಳುಗಳು ಹೊರಬರುತ್ತವೆ. ಒಂದು ಸಲ ಇದನ್ನು ಕಣ್ಣಾರೆ ನೋಡಿದ ಕುರಿಗಾರರಿಗೆ ಮುಂದೆ ನಾನು ಹೇಳಬೇಕಾದದ್ದು ಬಹಳ ಉಳಿಯುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಔಷಧಿ ಕುಡಿಸಿದ ಎರಡು ವಾರದೊಳಗೆ ಕುರಿಗಳು ಏಕೆ ಸತ್ತವು? ನೀವು ಔಷಧಿ ಬದಲಿಸಿದ್ದೇನೆ ಎಂದುಕೊಂಡಿದ್ದೀರಿ, ಆದರೆ ಬದಲಾದದ್ದು ಕಂಪನಿ ಮಾತ್ರ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಎರಡೂ ಬೆಂಜಿಮಿಡಜೋಲ್ ಎಂಬ ಒಂದೇ ಕುಟುಂಬದವು. ಹುಳುವಿನ ಮೈಯಲ್ಲಿ ಎರಡೂ ಹಿಡಿಯುವುದು ಒಂದೇ ಜಾಗವನ್ನು. ಒಂದಕ್ಕೆ ಜಗ್ಗದ ಹುಳು ಇನ್ನೊಂದಕ್ಕೂ ಜಗ್ಗುವುದಿಲ್ಲ. ಅಂಗಡಿಯಲ್ಲಿ ಬಾಟಲಿಯ ಮೇಲಿನ ದೊಡ್ಡ ಹೆಸರನ್ನು ಬಿಟ್ಟು ಕೆಳಗೆ ಸಣ್ಣಕ್ಷರದಲ್ಲಿರುವ ಹೆಸರನ್ನು ಓದಿಸಿಕೊಳ್ಳಿ. ಲೆವಮಿಸೋಲ್ ಬೇರೆ ಕುಟುಂಬ, ಐವರ್‌ಮೆಕ್ಟಿನ್ ಬೇರೆ, ಕ್ಲೋಸಂಟೆಲ್ ಬೇರೆ.

ಔಷಧಿಗೆ ಜಗ್ಗದ ಹುಳುಗಳು ಎಲ್ಲಿಂದ ಬಂದವು ಎಂದರೆ, ಅವನ್ನು ಮಂದೆಯಲ್ಲೇ ಬೆಳೆಸಲಾಯಿತು, ಅದೂ ಕಾಳಜಿಯಿಂದ ಮಾಡಿದ ಕೆಲಸದ ಮೂಲಕ. ಲಕ್ಷಾಂತರ ಹುಳುಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಔಷಧಿಯನ್ನು ತಾಳಿಕೊಳ್ಳುವ ಗುಣವಿರುತ್ತದೆ. ಮಂದೆಯ ಎಲ್ಲ ಕುರಿಗಳಿಗೂ ಒಂದೇ ದಿನ ಔಷಧಿ ಕುಡಿಸಿದಾಗ ಉಳಿದವೆಲ್ಲ ಸತ್ತು ಇವು ಮಾತ್ರ ಬದುಕುತ್ತವೆ, ಮುಂದಿನ ಮೂರು ವಾರ ಹಿಕ್ಕೆಯೊಂದಿಗೆ ಹೊಲಕ್ಕೆ ಬೀಳುವ ಮೊಟ್ಟೆಗಳೆಲ್ಲ ಇವುಗಳವೇ ಆಗಿರುತ್ತವೆ. ಒಂದು ಹೆಣ್ಣು ಹುಳು ದಿನಕ್ಕೆ 5000ದಿಂದ 10,000 ಮೊಟ್ಟೆ ಇಡುತ್ತದೆ. ಕುರಿಯೊಂದರಲ್ಲಿ 500 ಹೆಣ್ಣು ಹುಳುಗಳಿದ್ದರೆ ದಿನಕ್ಕೆ ಕಡಿಮೆಯೆಂದರೂ 25 ಲಕ್ಷ ಮೊಟ್ಟೆಗಳಾದವು. ಬೆಚ್ಚಗೆ, ತೇವವಾಗಿದ್ದರೆ ಒಂದು ವಾರದ ಸುಮಾರಿಗೆ ಇವು ಸೋಂಕು ತರಬಲ್ಲ ಮರಿಗಳಾಗಿ ಹುಲ್ಲು ಹತ್ತುತ್ತವೆ. ಔಷಧಿ ಕುಡಿಸಿದ ಮಾರನೆಯ ದಿನವೇ ಮಂದೆಯನ್ನು ಹೊಸ ಹುಲ್ಲುಗಾವಲಿಗೆ ಹೊಡೆಯಬೇಕೆಂದು ಹಿಂದೆ ನಾವು, ಅಂದರೆ ಪಶುವೈದ್ಯರೇ, ಹೇಳಿಕೊಡುತ್ತಿದ್ದೆವು. ಹಾಗೆ ಮಾಡಿದರೆ ಆ ಹೊಸ ಹೊಲದ ತುಂಬ ಗಟ್ಟಿ ಹುಳುಗಳ ಸಂತತಿಯನ್ನೇ ಬಿತ್ತಿದಂತಾಗುತ್ತದೆ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಪ್ರಮಾಣದ ತಪ್ಪು ಇದಕ್ಕೆ ಸೇರಿಕೊಳ್ಳುತ್ತದೆ. ಶೇಕಡ 2.5ರ ಆಲ್ಬೆಂಡಜೋಲ್ ದ್ರವದ ಒಂದು ಮಿಲಿ ಲೀಟರಿನಲ್ಲಿ 25 ಮಿಲಿಗ್ರಾಂ ಔಷಧಿ ಇರುತ್ತದೆ. ಕುರಿಗೆ ಕಿಲೋ ತೂಕಕ್ಕೆ 7.5 ಮಿಲಿಗ್ರಾಂ ಲೆಕ್ಕ ಹಿಡಿದರೆ 30 ಕಿಲೋ ಕುರಿಗೆ 9 ಮಿಲಿ ಲೀಟರ್, 45 ಕಿಲೋ ಟಗರಿಗೆ 13.5 ಮಿಲಿ ಲೀಟರ್ ಬೇಕು. ಸರಾಸರಿ ನೋಡಿ ಎಲ್ಲಕ್ಕೂ 8 ಮಿಲಿ ಲೀಟರ್ ಕುಡಿಸಿದರೆ ಟಗರಿನಲ್ಲಿರುವ ಹುಳುಗಳಿಗೆ ಅರೆಬರೆ ಔಷಧಿ ಕೊಟ್ಟು ಅಭ್ಯಾಸ ಮಾಡಿಸಿದಂತೆ. ಬಾಟಲಿಯನ್ನು ಅಲುಗಾಡಿಸದಿದ್ದರೆ ಮೊದಲ ಕುರಿಗಳಿಗೆ ಮೇಲಿನ ತಿಳಿ, ಕೊನೆಯವಕ್ಕೆ ತಳದ ಗಷ್ಟು. ಕುಡಿಸುವ ರೀತಿಯೂ ಮುಖ್ಯ. ತಲೆಯನ್ನು ಆಕಾಶಕ್ಕೆ ಎತ್ತಿ ಗೊಟ್ಟದಿಂದ ಒಮ್ಮೆಲೇ ಹೊಯ್ದರೆ ಔಷಧಿ ಶ್ವಾಸಕೋಶಕ್ಕೆ ಇಳಿದು ಕುರಿ ನ್ಯುಮೋನಿಯಾದಿಂದ ಸಾಯಬಹುದು, ಬಾಯಿಯ ಮುಂಭಾಗದಲ್ಲೇ ಬಿಟ್ಟರೆ ಅದರಲ್ಲಿ ಸ್ವಲ್ಪ ಭಾಗ ಮೊದಲ ಹೊಟ್ಟೆಯನ್ನು ತಪ್ಪಿಸಿಕೊಂಡು ಬೇಗ ಹೊರಟುಹೋಗುತ್ತದೆ. ತಲೆ ನೇರವಾಗಿರಲಿ, ಬಾಯಿಯ ಓರೆಯಿಂದ ನಳಿಕೆ ತೂರಿಸಿ ನಾಲಿಗೆಯ ಬುಡದ ಮೇಲೆ ನಿಧಾನವಾಗಿ ಬಿಡಿ.

ಹಾಗಾದರೆ ಯಾವ ಕುರಿಗೆ ಕುಡಿಸಬೇಕು? ಇದಕ್ಕೆ ದಕ್ಷಿಣ ಆಫ್ರಿಕದ ಪಶುವೈದ್ಯರು ರೂಪಿಸಿದ ಫಮಾಚ ಎಂಬ ವಿಧಾನವಿದೆ, ಕುರಿಯ ಕಣ್ಣಿನ ಒಳರೆಪ್ಪೆಯ ಬಣ್ಣವನ್ನು ಐದು ಬಣ್ಣಗಳ ಚೀಟಿಯೊಂದಿಗೆ ಹೋಲಿಸುವುದು ಅಷ್ಟೇ. ಮಂದೆಯ ಹುಳುಗಳಲ್ಲಿ ನೂರಕ್ಕೆ ಎಂಬತ್ತರಷ್ಟು ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಕುರಿಗಳಲ್ಲೇ ಸೇರಿಕೊಂಡಿರುತ್ತವೆ ಎಂಬ ಅರಿವೇ ಇದರ ಬೆನ್ನೆಲುಬು. ಕುರಿಯನ್ನು ಬಿಸಿಲಿಗೆ ನಿಲ್ಲಿಸಿ, ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮುಚ್ಚುವಂತೆ ಮೆಲ್ಲಗೆ ಒತ್ತಿ, ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಕೆಳಗೆ ಜಾರಿಸಿದರೆ ಒಳಪೊರೆ ತಾನಾಗಿ ಮುಂದೆ ಉಬ್ಬುತ್ತದೆ. ಬರೀ ಕೆಳರೆಪ್ಪೆ ಎಳೆದು ನೋಡುವ ನಮ್ಮ ರೂಢಿಯಲ್ಲಿ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಒಳಪೊರೆ ಕೆಂಪಾಗಿದ್ದರೆ ಒಂದು ಅಥವಾ ಎರಡು, ಔಷಧಿ ಬೇಡ. ತಿಳಿಗುಲಾಬಿ ಮೂರು, ಬಿಳಿಚಿಕೊಂಡಿದ್ದರೆ ನಾಲ್ಕು, ಕಾಗದದಂತೆ ಬೆಳ್ಳಗಿದ್ದರೆ ಐದು. ನಾಲ್ಕು, ಐದಕ್ಕೆ ಖಂಡಿತ ಕುಡಿಸಿ, ಮೂರರಲ್ಲಿ ಮರಿಗಳಿಗೆ, ತುಂಬು ಗಬ್ಬದ ಕುರಿಗಳಿಗೆ, ಬಡಕಲಾದವಕ್ಕೆ ಕುಡಿಸಿ. ಆಗಸ್ಟಿನಿಂದ ಡಿಸೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ನೋಡಬೇಕು, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಾಕು. ರೂಢಿಯಾದ ಕೈಗೆ 60 ಕುರಿ ನೋಡಲು ಒಂದು ಗಂಟೆ ಸಾಲುತ್ತದೆ.

ಕೆಂಪು ರೆಪ್ಪೆಯ ಕುರಿಗಳನ್ನು ಔಷಧಿಯಿಲ್ಲದೆ ಬಿಡುವುದೆಂದರೆ ಯಾರಿಗಾದರೂ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ಆದರೆ ಅವುಗಳಲ್ಲಿರುವ, ಔಷಧಿಯ ಸೋಂಕಿಲ್ಲದ ಹುಳುಗಳ ಮೊಟ್ಟೆಗಳು ಹೊಲದಲ್ಲಿ ಗಟ್ಟಿ ಹುಳುಗಳ ಮೊಟ್ಟೆಗಳೊಂದಿಗೆ ಬೆರೆಯುವುದರಿಂದಲೇ ಔಷಧಿ ಇನ್ನಷ್ಟು ವರ್ಷ ಕೆಲಸ ಮಾಡುತ್ತದೆ. ಪದೇ ಪದೇ ನಾಲ್ಕು, ಐದಕ್ಕೆ ಇಳಿಯುವ ಕುರಿಯ ಕಿವಿಗೆ ಗುರುತು ಹಾಕಿ, ಎರಡು ಮೂರು ಸಲ ಹಾಗಾದರೆ ಮುಂದಿನ ಸಂತೆಗೆ ಹೊಡೆಯಿರಿ, ಅದರ ಮರಿಯನ್ನು ತಳಿಗೆ ಉಳಿಸಬೇಡಿ. ಹುಳುವನ್ನು ತಡೆಯುವ ಶಕ್ತಿ ಸ್ವಲ್ಪ ಮಟ್ಟಿಗೆ ರಕ್ತದಲ್ಲೇ ಬರುತ್ತದೆ. ಟಗರನ್ನು ಆರಿಸುವಾಗ ಮೈಕಟ್ಟು, ಕೊಂಬು ನೋಡುವ ನಾವು ಕಣ್ಣಿನ ರೆಪ್ಪೆಯನ್ನೂ ನೋಡುವುದು ಒಳ್ಳೆಯದು. ಈ ವಿಧಾನಕ್ಕೆ ಒಂದು ಮಿತಿ ಇದೆ. ಇದು ರಕ್ತ ಬತ್ತಿದ್ದನ್ನು ಹೇಳುತ್ತದೆ, ಯಾರು ಕುಡಿದರೆಂದು ಹೇಳುವುದಿಲ್ಲ. ಚಪ್ಪಟೆಹುಳುವಾಗಲಿ ಮೈತುಂಬ ಹತ್ತಿದ ಉಣುಗುಗಳಾಗಲಿ ರೆಪ್ಪೆಯನ್ನು ಬಿಳಿಚಿಸಬಲ್ಲವು.

ಆದ್ದರಿಂದ ಹಿಕ್ಕೆ ಪರೀಕ್ಷೆ ಬೇಕೇ ಬೇಕು. ನೆಲಕ್ಕೆ ಬಿದ್ದ ಹಿಕ್ಕೆಯಲ್ಲಿ ಮಣ್ಣಿನ ಹುಳುಗಳೂ ಸೇರಿಕೊಳ್ಳುವುದರಿಂದ ಕುರಿಯ ಗುದದಿಂದಲೇ ನಾಲ್ಕೈದು ಹಿಕ್ಕೆ ತೆಗೆದು, ಪ್ರತಿ ಕುರಿಯದನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ ಗಾಳಿ ಹೊರಹಾಕಿ ಕಟ್ಟಿ, ತಂಪಾಗಿಟ್ಟು ಅದೇ ದಿನ ಪಶು ಆಸ್ಪತ್ರೆಗೆ ಮುಟ್ಟಿಸಿ. ಕೊಡುವಾಗ ಕೆರೆಯಂಚಿನಲ್ಲಿ ಮೇಯಿಸಿದ್ದನ್ನು ಬಾಯಿಬಿಟ್ಟು ಹೇಳಿ, ಏಕೆಂದರೆ ಚಪ್ಪಟೆಹುಳುವಿನ ಮೊಟ್ಟೆ ಭಾರ, ಮಾಮೂಲಿ ತೇಲಿಸುವ ಪರೀಕ್ಷೆಯಲ್ಲಿ ಸಿಗುವುದಿಲ್ಲ, ತಳಕ್ಕಿಳಿಸುವ ಬೇರೆ ಪರೀಕ್ಷೆ ಮಾಡಬೇಕು. ಅದು ಕುರಿಯ ಮೈ ಸೇರಿ ಮೊಟ್ಟೆಯಿಡಲು ಮೂರು ತಿಂಗಳಿಗೂ ಮಿಕ್ಕಿ ಬೇಕಾಗುವುದರಿಂದ, ಎಳೆಯ ಹುಳುಗಳು ಯಕೃತ್ತನ್ನು ಕೊರೆಯುತ್ತಿರುವಾಗ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು ಎಂಬುದೂ ನೆನಪಿರಲಿ.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು. ನಾಳೆಯೇ ಎಲ್ಲ ಕುರಿಗಳ ರೆಪ್ಪೆ ನೋಡಿ ಬಿಳಿಚಿದವನ್ನು ಬೇರೆ ಮಾಡಿ, ಅವನ್ನು ಮೇಯಲು ದೂರ ಹೊಡೆಯಬೇಡಿ, ಓಡಿಸಿ ಹಿಡಿಯಬೇಡಿ. ಆ ಓಟವೇ ಕೊನೆಯ ಓಟವಾಗಬಹುದು. ಅವಕ್ಕೆ ಬೆಂಜಿಮಿಡಜೋಲ್ ಕುಟುಂಬದ್ದಲ್ಲದ ಔಷಧಿ ಕೊಡಬೇಕು. ಲೆವಮಿಸೋಲ್ ಕಿಲೋಗೆ 7.5 ಮಿಲಿಗ್ರಾಂ, ಅಥವಾ ಕ್ಲೋಸಂಟೆಲ್ ಕಿಲೋಗೆ 10 ಮಿಲಿಗ್ರಾಂ. ಕ್ಲೋಸಂಟೆಲ್ ರಕ್ತ ಹೀರುವ ಹುಳುವಿಗೂ ದೊಡ್ಡ ಚಪ್ಪಟೆಹುಳುವಿಗೂ ಹಿಡಿಯುವುದರಿಂದ ನಿಮ್ಮ ಪರಿಸ್ಥಿತಿಗೆ ನನ್ನ ಒಲವು ಅದರ ಕಡೆಗೇ ಇದೆ. ಆದರೆ ಪ್ರಮಾಣ ಮೀರಿದರೆ ಕುರಿ ಕುರುಡಾಗುವ ಔಷಧಿ ಅದು, ಅಂದಾಜಿನಲ್ಲಿ ಕೊಡುವಂಥದ್ದಲ್ಲ, ತೂಕ ಹಾಕಿ ನಿಮ್ಮ ಪಶುವೈದ್ಯರ ಮುಂದೆಯೇ ಕುಡಿಸಿ. ಔಷಧಿ ಕೊಟ್ಟ ಕುರಿಯನ್ನು ಬಾಟಲಿಯ ಮೇಲೆ ಬರೆದಷ್ಟು ದಿನ ಮಾಂಸಕ್ಕೆ ಮಾರುವಂತಿಲ್ಲ. ಇನ್ನು ಆಲ್ಬೆಂಡಜೋಲನ್ನು ಗಬ್ಬ ಕಟ್ಟಿದ ಮೊದಲ ತಿಂಗಳಲ್ಲಿ ಎಂದೂ ಕೊಡಬಾರದು, ಹೊಟ್ಟೆಯಲ್ಲಿರುವ ಮರಿ ಊನವಾಗುತ್ತದೆ. ಹುಳು ಸತ್ತ ಮಾತ್ರಕ್ಕೆ ರಕ್ತ ಬರುವುದಿಲ್ಲ, ಅದಕ್ಕೆ ಪ್ರೋಟೀನು ಬೇಕು. ದಿನಕ್ಕೆ 100ರಿಂದ 150 ಗ್ರಾಂ ಶೇಂಗಾ ಹಿಂಡಿ ಅಥವಾ ಬೇಯಿಸಿದ ಹುರುಳಿ, ಜೊತೆಗೆ ಖನಿಜ ಮಿಶ್ರಣವನ್ನು ಒಂದು ತಿಂಗಳು ಕೊಡಿ.

ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ನೀರು ಕುಡಿಸಿದರೆ ಹೇಗೆ ಎಂದು ಹಿರಿಯರು ಕೇಳಬಹುದು. ಒಂದು ಕಾಲದಲ್ಲಿ ಅದು ಇದೇ ಹುಳುವಿಗೆ ಕೊಡುತ್ತಿದ್ದ ಔಷಧಿ ಎಂಬುದು ನಿಜ. ಆದರೆ ಸಾಕುಪ್ರಾಣಿಗಳಲ್ಲಿ ತಾಮ್ರದ ನಂಜು ಕುರಿಗೆ ಏರುವಷ್ಟು ಸುಲಭವಾಗಿ ಬೇರೆ ಯಾವುದಕ್ಕೂ ಏರುವುದಿಲ್ಲ, ದಯವಿಟ್ಟು ಆ ದಾರಿ ಹಿಡಿಯಬೇಡಿ. ಹಿಕ್ಕೆಯಲ್ಲಿ ಅನ್ನದ ಅಗುಳಿನಂತೆ ಬಿಳಿ ತುಂಡುಗಳು ಕಂಡಾಗ ಬಹಳ ಜನ ಗಾಬರಿಯಾಗಿ ಓಡಿಬರುತ್ತಾರೆ. ಅವು ಲಾಡಿಹುಳುವಿನ ತುಂಡುಗಳು, ತೀರಾ ಎಳೆಯ ಮರಿಗಳನ್ನು ಬಿಟ್ಟರೆ ಅವುಗಳಿಂದ ದೊಡ್ಡ ಹಾನಿಯಿಲ್ಲ. ಕೊಲ್ಲುವ ಹುಳು ಹಿಕ್ಕೆಯಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ.

ಮೇಯಿಸುವುದರ ಬಗ್ಗೆ: ಹುಳುವಿನ ಮರಿಗಳು ಇಬ್ಬನಿಯ ತೇವದಲ್ಲಿ ಹುಲ್ಲಿನ ಬುಡದಿಂದ ಮೇಲಕ್ಕೆ ಹತ್ತುತ್ತವೆ, ಹೆಚ್ಚಿನವು ನೆಲದಿಂದ ನಾಲ್ಕು ಬೆರಳಿನೊಳಗೇ ಇರುತ್ತವೆ. ಕುರಿ ನೆಲಕ್ಕೆ ಬಾಯಿ ಹಚ್ಚಿ ಕತ್ತರಿಸುವ ಪ್ರಾಣಿ. ಬೇರೆ ಮೇವಿಲ್ಲವೆಂದು ಗಿಡ್ಡ ಹುಲ್ಲಿನ ಅದೇ ಗೋಮಾಳದಲ್ಲಿ ವಾರಗಟ್ಟಲೆ ನಿಲ್ಲಿಸಿದರೆ ಪ್ರತಿ ಬಾಯಿಗೂ ಮರಿಹುಳುಗಳನ್ನು ತಿನ್ನಿಸಿದಂತೆ. ಇಬ್ಬನಿ ಆರಿದ ಮೇಲೆ, ಒಂಬತ್ತೂವರೆ ಹತ್ತರ ನಂತರ ಹೊಡೆಯಿರಿ. ರಾಗಿ, ಶೇಂಗಾ ಕಿತ್ತ ಹೊಲಗಳು ಈ ತಿಂಗಳಲ್ಲಿ ಖಾಲಿಯಾಗುತ್ತವೆ. ಕುರಿ ಕಾಲಿಡದೆ ಹಲವು ತಿಂಗಳಾದ ಆ ನೆಲ ನಿಮಗೆ ಸಿಗುವ ಅತ್ಯಂತ ಶುದ್ಧ ಮೇವಿನ ಜಾಗ, ಮರಿಗಳನ್ನು ಮೊದಲು ಅಲ್ಲಿಗೆ ಬಿಡಿ. ಕೆರೆಯಂಚಿನ ಹಸಿರನ್ನು ದನಗಳಿಗೂ ಬಿಡಬೇಡಿ, ಚಪ್ಪಟೆಹುಳು ಅವಕ್ಕೂ ಹತ್ತುತ್ತದೆ. ಕುಡಿಯುವ ನೀರನ್ನು ತೊಟ್ಟಿಯಲ್ಲಿ ಕೊಡಿ.

ಸುತ್ತುತ್ತಿರುವ ಮರಿಯದು ಬೇರೆಯೇ ಕತೆ. ಅದರ ಮಿದುಳಿನಲ್ಲಿ ನೀರುಗುಳ್ಳೆಯೊಂದು ಬೆಳೆಯುತ್ತಿರುವ ಸಾಧ್ಯತೆ ಹೆಚ್ಚು. ಇದು ನಾಯಿಯ ಲಾಡಿಹುಳುವಿನ ಮರಿ ಹಂತ. ನಾಯಿಯ ಮಲದೊಂದಿಗೆ ಹುಲ್ಲಿಗೆ ಬಿದ್ದ ಮೊಟ್ಟೆ ಕುರಿಯ ಹೊಟ್ಟೆ ಸೇರಿ, ಮರಿ ರಕ್ತದ ಮೂಲಕ ಮಿದುಳಿಗೆ ಹೋಗಿ ಗುಳ್ಳೆಯಾಗುತ್ತದೆ, ಆ ಕುರಿ ಸತ್ತಾಗ ತಲೆಯನ್ನು ನಾಯಿಗೆ ಎಸೆದರೆ ಚಕ್ರ ಪೂರ್ತಿಯಾಯಿತು. ಗುಳ್ಳೆ ಈಗಾಗಲೇ ಸುತ್ತಿಸುವಷ್ಟು ದೊಡ್ಡದಾಗಿರುವುದರಿಂದ ಕುಡಿಸುವ ಔಷಧಿಯಿಂದ ಹೆಚ್ಚಿನ ನಿರೀಕ್ಷೆ ಬೇಡ. ಶಸ್ತ್ರಚಿಕಿತ್ಸೆ ಸಾಧ್ಯವಿದ್ದರೂ ಒಂದು ಮರಿಗಾಗಿ ಅಷ್ಟು ಖರ್ಚು ಮಾಡಬೇಕೇ ಎಂಬುದು ನಿಮಗೆ ಬಿಟ್ಟದ್ದು. ಔಷಧಿ ಬೇಕಾಗಿರುವುದು ನಿಮ್ಮ ಮಂದೆಯ ನಾಯಿಗಳಿಗೆ. ಮೂರು ತಿಂಗಳಿಗೊಮ್ಮೆಯಾದರೂ ಕಿಲೋಗೆ 5 ಮಿಲಿಗ್ರಾಂ ಪ್ರಾಜಿಕ್ವಾಂಟೆಲ್ ನುಂಗಿಸಿ, ಸತ್ತ ಕುರಿಯ ತಲೆಯನ್ನು ಅವುಗಳ ಬಾಯಿಗೆ ಸಿಗದಂತೆ ಆಳವಾಗಿ ಹೂಳಿ.

ಕೊನೆಯದಾಗಿ, ಔಷಧಿ ಕೊಡುವ ದಿನ ಹತ್ತು ಕುರಿಗಳ ಹಿಕ್ಕೆ ಕೊಟ್ಟು ಮೊಟ್ಟೆ ಎಣಿಸಿಕೊಡಲು ಕೇಳಿ, ಹದಿನಾಲ್ಕನೆಯ ದಿನ ಅವೇ ಹತ್ತು ಕುರಿಗಳದನ್ನು ಮತ್ತೆ ಕೊಡಿ. ಮೊಟ್ಟೆಯ ಎಣಿಕೆ ನೂರಕ್ಕೆ 95ರಷ್ಟಾದರೂ ಇಳಿದಿದ್ದರೆ ಆ ಔಷಧಿ ನಿಮ್ಮ ಮಂದೆಯಲ್ಲಿ ಇನ್ನೂ ನಡೆಯುತ್ತದೆ. ಅಷ್ಟು ಇಳಿಯದಿದ್ದರೆ ಎರಡೂ ಚೀಟಿಗಳನ್ನು ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ, ಯಾವ ಕುಟುಂಬದ ಔಷಧಿಯನ್ನು ಯಾವುದರ ಜೊತೆ ಸೇರಿಸಿ ಕೊಡಬೇಕೆಂದು ಆ ಎರಡು ಸಂಖ್ಯೆಗಳನ್ನು ನೋಡಿಯೇ ಅವರು ನಿರ್ಧರಿಸಬೇಕಾಗುತ್ತದೆ.